‘ಸರ್ವರ್ ಡೌನ್’ ಅಂದರೆ ಮುಗೀತೆ?

ದೇವರ ಹಿಪ್ಪರಗಿಯಲ್ಲಿ ಪಹಣಿಗೆ ಹೋದವರಿಗೂ ರೇಷನ್ನಿಗೆ ಹೆಬ್ಬೆಟ್ಟೊತ್ತಲು ನಿಂತವರಿಗೂ ಪರಿಚಯವಿರುವ ಉತ್ತರ ಒಂದೇ: ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ.’ 2024ರ ಅಕ್ಟೋಬರಿನಲ್ಲಿ ರಾಜ್ಯದ ನ್ಯಾಯಬೆಲೆ ಅಂಗಡಿಗಳ ಮುಂದೆಲ್ಲ ಇದೇ ಮಾತು. ಪಡಿತರದ ದತ್ತಾಂಶವನ್ನು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯಿಂದ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸಾಗಿಸುವ ಕೆಲಸ ಆಗ ನಡೆದಿತ್ತು. ಸರತಿಯಲ್ಲಿ ನಿಂತವರಿಗೆ ಅದನ್ನು ಬಿಡಿಸಿ ಹೇಳುವವರು ಮಾತ್ರ ವಿರಳ.

ಈ ಮೌನದ ಎದುರಿಗಿಟ್ಟು ಓದಬೇಕಾದದ್ದು, ಜಾಲತಾಣಗಳಿಗೆ ಬರುವ ಸಂಚಾರವನ್ನು ಸೋಸಿ ಸಾಗಿಸುವ ಕ್ಲೌಡ್‌ಫ್ಲೇರ್ ಕಂಪನಿಯ ಒಂದು ವರದಿ. 2025ರ ನವೆಂಬರ್ 18ರ ಸಂಜೆ ಐದರ ಹೊತ್ತಿಗೆ ಅದರ ಜಾಲ ಕುಸಿದು, ಜಗತ್ತಿನ ಅಸಂಖ್ಯ ತಾಣಗಳು ನಿಂತವು. ಮುಖ್ಯಸ್ಥ ಮ್ಯಾಥ್ಯೂ ಪ್ರಿನ್ಸ್ ಅದೇ ದಿನ, ಸಮಯಸಹಿತ, ತಪ್ಪಿದ ಕೋಡನ್ನೂ ತೋರಿಸಿ ಕಾರಣ ಬರೆದರು.

ಕಾರಣ ಸಣ್ಣದು. ಡೇಟಾಬೇಸ್ ಕ್ಲಸ್ಟರಿನ ಯಂತ್ರಗಳ ಪ್ರವೇಶಾನುಮತಿಯನ್ನು ಹಂತಹಂತವಾಗಿ ಬದಲಾಯಿಸುತ್ತಿದ್ದರು. ಬದಲಾದ ಯಂತ್ರವನ್ನು ಕೇಳಿದರೆ ಒಂದೇ ಸಾಲು ಒಂದಕ್ಕಿಂತ ಹೆಚ್ಚು ಸಲ ಬರತೊಡಗಿತು. ಆ ಉತ್ತರದಿಂದ ತಯಾರಾಗುವ, ಸ್ವಯಂಚಾಲಿತ ತಂತ್ರಾಂಶಗಳಾದ ಬಾಟ್‌ಗಳನ್ನು ಗುರುತಿಸುವ ಕಡತ ಉಬ್ಬಿತು. ಕಡತದ ಪ್ರತಿ ಸಾಲೂ ಬಾಟ್ ಗುರುತಿಸುವ ಒಂದು ಲಕ್ಷಣ; ಅದನ್ನು ಓದುವ ತಂತ್ರಾಂಶದ ಮಿತಿ 200 ಲಕ್ಷಣಗಳು. ಮಾಮೂಲಿ ಬಳಕೆ ಸುಮಾರು 60. ಮಿತಿ ಮೀರಿದ್ದೇ ತಡ, ತಂತ್ರಾಂಶ ಅಲ್ಲೇ ಕುಸಿಯಿತು. ಕಡತ ಐದು ನಿಮಿಷಕ್ಕೊಮ್ಮೆ ಹೊಸದಾಗಿ ಹುಟ್ಟುತ್ತಿತ್ತು: ಹಳೆಯ ಯಂತ್ರದಿಂದ ಬಂದರೆ ಸರಿ, ಬದಲಾದದ್ದರಿಂದ ಬಂದರೆ ಕೆಟ್ಟದ್ದು. ಹೀಗೆ ಬಿದ್ದು ಎದ್ದು ಮಾಡುವ ಜಾಲ ಕಂಡು ಎಂಜಿನಿಯರುಗಳು ಹೊರಗಿನ ದಾಳಿಯೆಂದೇ ಶಂಕಿಸಿದರು. (2025ರ ಜನವರಿಯಲ್ಲಿ ನಮ್ಮ ನೋಂದಣಿ ಇಲಾಖೆಯ ‘ಕಾವೇರಿ 2.0’ ತಂತ್ರಾಂಶ ನಿಜಕ್ಕೂ ಅಂಥ ದಾಳಿಗೆ ಸಿಕ್ಕಿತ್ತು.) ಕೊನೆಗೆ ಹೊಸ ಕಡತ ಹರಡುವುದನ್ನು ತಡೆದು, ಹಳೆಯ ಸರಿಯಾದ ಕಡತ ಕೂರಿಸಿ, ತಂತ್ರಾಂಶ ಮರುಚಾಲೂ ಮಾಡಿದಾಗ ರಾತ್ರಿ ಎಂಟು.

ಪ್ರಾಮಾಣಿಕತೆಗೆ ಪೂರ್ತಿ ಅಂಕ. ಆದರೆ ವರದಿಯೇ ಬಯಲು ಮಾಡುವ ದೌರ್ಬಲ್ಯ ಚಿಕ್ಕದಲ್ಲ. ಹೊರಗಿನವರು ಕಳಿಸಿದ ದತ್ತಾಂಶವನ್ನು ಸೋಸುವ ಕಂಪನಿ, ಮನೆಯಲ್ಲೇ ತಯಾರಾದ ಕಡತವನ್ನು ಕಣ್ಣುಮುಚ್ಚಿ ನಂಬಿತು. ‘ಈಗಷ್ಟೇ ಏನು ಬದಲಾಯಿಸಿದೆವು?’ ಎಂಬ ಪ್ರಶ್ನೆ ದಾಳಿಯ ಶಂಕೆಗಿಂತ ಮೊದಲು ಬಂದಿದ್ದರೆ ಹುಡುಕಾಟ ಬೇಗ ಮುಗಿಯುತ್ತಿತ್ತೇನೋ. ಅನುಮತಿ ಬದಲಾದ ಅರ್ಧ ಗಂಟೆಯೊಳಗೇ ಜಾಲ ಬಿದ್ದಿತ್ತು.

ಇನ್ನು ಮುಂದೆ ಸ್ವಂತ ಕಡತಗಳನ್ನೂ ತಪಾಸಣೆಗೆ ಒಡ್ಡುತ್ತೇವೆ ಎಂದಿತು ವರದಿ. ಆದರೆ ಹದಿನೇಳೇ ದಿನಕ್ಕೆ, ಡಿಸೆಂಬರ್ 5ರಂದು, ಮತ್ತೊಂದು ಸಂರಚನಾ ಬದಲಾವಣೆ ಎಲ್ಲ ಸರ್ವರುಗಳಿಗೂ ಏಕಕಾಲಕ್ಕೆ ಹೋಯಿತು. ಸುಮಾರು 25 ನಿಮಿಷ, ಕಂಪನಿಯ ಜಾಲದ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಸಂಚಾರ ತೊಡಕಿಗೆ ಸಿಕ್ಕಿತು. ಅದಕ್ಕೂ ಅದೇ ದಿನ ವರದಿ ಬಂತು.