ಹಗಲು ಹೊತ್ತಿನ ತೊಗಲುಗೊಂಬೆ

ನಮ್ಮ ಕೊಪ್ಪಳ ಜಿಲ್ಲೆಗೆ ಉತ್ಸವಗಳೇನೂ ಕಡಿಮೆಯಿಲ್ಲ. ಆನೆಗೊಂದಿ, ಕನಕಗಿರಿ ಎಂದು ಸರಕಾರದ ಲೆಕ್ಕದವು ಒಂದು ಕಡೆ. ಊರವರೇ ಪಟ್ಟಿ ಎತ್ತಿ ಮಾಡುವವು ಇನ್ನೊಂದು ಕಡೆ. ಇಂಥದೊಂದು ಆಹಾರ-ಸಂಗೀತ ಮೇಳದಲ್ಲಿ ಬೇಸಿಗೆಯ ಒಂದಿಡೀ ದಿನ ಕಳೆದೆ. ಯಾವ ಊರು, ಯಾರು ನಡೆಸಿದ್ದು ಎಂಬುದು ಇಲ್ಲಿ ಬೇಡ.

ಊಟದ ಸಾಲಿನ ಬಗ್ಗೆ ದೂರಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಂಡಕ್ಕಿ ಒಗ್ಗರಣಿ, ಜೊತೆಗೆ ಮಿರ್ಚಿ. ಪಕ್ಕದ ಗೋಬಿ ಮಂಚೂರಿ ಅಂಗಡಿಗೇ ಜನ ಜಾಸ್ತಿ ಇದ್ದರು, ಇರಲಿ. ನನ್ನ ತಕರಾರು ವೇದಿಕೆಯ ಬಗ್ಗೆ.

ಮಧ್ಯಾಹ್ನ ಮೂರಕ್ಕೆ, ಉರಿಬಿಸಿಲಿನಲ್ಲಿ, ತೊಗಲುಗೊಂಬೆಯವರನ್ನು ಕರೆದರು. ಇಪ್ಪತ್ತು ನಿಮಿಷ ಎಂದು ಮೈಕಿನಲ್ಲಿ ಎಚ್ಚರಿಸಿದರು. ತೊಗಲುಗೊಂಬೆ ಎಂದರೆ ಬಿಳಿ ಪರದೆ, ಅದರ ಹಿಂದೆ ದೀಪ, ಮುಂದೆ ಕತ್ತಲು. ಹದ ಮಾಡಿದ ತೊಗಲು ತೆಳುವಾಗಿರುವುದೇ ಅದಕ್ಕೆ ಬಳಿದ ಬಣ್ಣದೊಳಗಿಂದ ಬೆಳಕು ಹಾಯಲಿ ಎಂದು. ಹಗಲಿನಲ್ಲಿ ಪರದೆಯ ಮೇಲೆ ಏನೂ ಮೂಡಲಿಲ್ಲ. ಹಿರಿಯ ಕಲಾವಿದರು ಕೊನೆಗೆ ಗೊಂಬೆಯನ್ನು ಪರದೆಯ ಮೇಲೆತ್ತಿ ಕೈಯಲ್ಲೇ ಹಿಡಿದು ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ತಲೆ ತಗ್ಗಿತು.

ಕತ್ತಲಾದ ಮೇಲಿನ ಹೊತ್ತು ಆರ್ಕೆಸ್ಟ್ರಾಕ್ಕೆ ಮೀಸಲು. ರಫಿ ಸಾಹೇಬರನ್ನು ಕೇಳಿ ಬೆಳೆದವನು ನಾನು, ಸಿನಿಮಾ ಹಾಡಿನ ಮೇಲೆ ಮುನಿಸಿಲ್ಲ. ಆದರೆ ಆರ್ಕೆಸ್ಟ್ರಾ ಯಾವ ಹೊತ್ತಿನಲ್ಲೂ ನಡೆಯುತ್ತದೆ, ಗೊಂಬೆಗೆ ರಾತ್ರಿಯೇ ಬೇಕು. ಇಷ್ಟು ತಿಳಿಯಲು ದೊಡ್ಡ ವಿಮರ್ಶೆ ಬೇಕಿಲ್ಲ. ಇದೇ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿಯೇ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಸನ್ಮಾನಕ್ಕೆ ಶಾಲು ಹುಡುಕುವ ನಾವು ಆಟಕ್ಕೊಂದು ಕತ್ತಲು ಹುಡುಕಲಾರೆವು.

ಗವಿಮಠದ ಜಾತ್ರೆ ನೆನಪಾಯಿತು. ಅಲ್ಲಿಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ ಗಾಡಿಗಳಲ್ಲಿ ಬರುತ್ತದೆ. ತಟ್ಟಿದವರೂ ಉಣ್ಣುವವರ ಸಾಲಿನಲ್ಲೇ ಕೂರುತ್ತಾರೆ. ನಮ್ಮ ಕಡೆಯ ಮೊಹರಂ ಕೂಡ ಹಾಗೆಯೇ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ರಿವಾಯತ್ ಪದ ಹಾಡುವವರಿಗೆ ಇಪ್ಪತ್ತು ನಿಮಿಷದ ಗಡುವಿಲ್ಲ, ರಾತ್ರಿಯೆಲ್ಲಾ ಅವರದೇ. ಬೆಳಗಿನ ತನಕ ಕೂತವರಿಗೆ ಚೊಂಗೆ ಸಿಗುತ್ತದೆ.

ಆದರೆ ಇದನ್ನು ಹೊಗಳುತ್ತಾ ಕೂರುವ ಹಕ್ಕು ನಮಗಿದೆಯೇ? ರಿವಾಯತ್ ಹಾಡುವವರಿಗೆ ಪದ ಕಟ್ಟಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನಾಲ್ಕಕ್ಷರ ಕಲಿತ ನಮ್ಮವರೇ ಅನೇಕರು ಅದನ್ನು ದೀನಿಗೆ ಸಲ್ಲದ್ದೆಂದು ದೂರ ಸರಿದಿದ್ದಾರೆ. ಉರ್ದು ಶಾಲೆಯಲ್ಲಿ ಕರ್ಬಲಾದ ಕತೆ ಓದಿದ ನನಗೂ ಕನ್ನಡದ ರಿವಾಯತ್‌ನಲ್ಲಿ ಕಣ್ಣೀರಿದೆ ಎಂದು ತಿಳಿದದ್ದು ತಡವಾಗಿ. ಮೇಳದವರು ಗೊಂಬೆಯವರಿಗೆ ಸಂಭಾವನೆಯನ್ನಾದರೂ ಕೊಟ್ಟರು.

ಸಂಜೆ ವೇದಿಕೆಯ ಹಿಂದೆ ಆ ಹಿರಿಯರು ಗೊಂಬೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕುತ್ತಿದ್ದರು. ಯಾವ ಪ್ರಸಂಗ ಬಿಟ್ಟಿರಿ ಎಂದು ಕೇಳಿದೆ.

‘ಹಗಲಾಗ ಲಂಕಾ ಹ್ಯಾಂಗ ಸುಡೂದ್ರೀ ಸಾಹೇಬ್ರ?’ ಎಂದರು.

ಆರ್ಕೆಸ್ಟ್ರಾದವರು ಆಗಲೇ ದೀಪಗಳನ್ನು ಹಚ್ಚಿ ನೋಡುತ್ತಿದ್ದರು. ಅವರಿಗೆ ಕಡೇ ಬಸ್ಸು ಹಿಡಿಯುವ ಅವಸರ. ಪೆಟ್ಟಿಗೆಯ ಒಂದು ತುದಿ ನಾನು ಹಿಡಿದೆ.