ಹೆಸರು ಮತ್ತು ಹುರುಳು

ಇಂಕ್‌ಜೆಟ್ ಯಂತ್ರದಲ್ಲಿ ಮೂಡಿದ ಛಾಯಾಚಿತ್ರವನ್ನು ಕಲಾಕೃತಿಯೆಂದು ಚಿತ್ರಶಾಲೆಯ ಗೋಡೆಗೇರಿಸಿದವರಲ್ಲಿ ಗಾಯಕ ಗ್ರಹಾಂ ನ್ಯಾಶ್ ಮೊದಲಿಗರ ಸಾಲಿನವರು. ಕ್ಯಾಲಿಫೋರ್ನಿಯಾದ ಅವರ ನ್ಯಾಶ್ ಎಡಿಷನ್ಸ್ ಮುದ್ರಣಶಾಲೆಯಲ್ಲಿದ್ದ ಜಾಕ್ ಡುಗ್ಯಾನ್ 1991ರಲ್ಲಿ ಇಂಥ ಮುದ್ರಣಕ್ಕೆ ‘ಜಿಕ್ಲೇ’ ಎಂದು ಹೆಸರಿಟ್ಟರು. ಚಿಮ್ಮುವುದೆಂಬ ಅರ್ಥದ ಫ್ರೆಂಚ್ ಧಾತುವಿನಿಂದ ಹುಟ್ಟಿದ ಈ ಶಬ್ದವು ಯಂತ್ರವನ್ನು ಮರೆಮಾಡಿತೇ ಹೊರತು ಕೃತಿಯ ಆಯುಷ್ಯವನ್ನು ಹೆಚ್ಚಿಸಲಿಲ್ಲ. ಅಂದಿನ ಐರಿಸ್ ಯಂತ್ರದ ಬಣ್ಣಗಳು ನೀರಿನಲ್ಲಿ ಕರಗುವಂಥವು; ಬೆಳಕಿಗೆ ಬೇಗನೆ ಮಾಸಿದವು. 2000ದ ಸುಮಾರಿಗೆ ಕರಗದ ವರ್ಣಕಣಗಳ ಮಸಿಯು ವ್ಯಾಪಕವಾಗಿ ಬಳಕೆಗೆ ಬಂದ ಮೇಲೆಯೇ ಹೆಸರಿಗೆ ತಕ್ಕ ಹುರುಳು ದೊರೆಯಿತು.

ಆದುದರಿಂದ ಪ್ರದರ್ಶನದ ವಿಮರ್ಶೆಯು ಬಿಂಬದ ಚೆಲುವಿನಲ್ಲಿಯೇ ಮುಗಿಯಲಾಗದು. ಕಾಗದವು ಆಮ್ಲರಹಿತವಾದ ಹತ್ತಿಯದೇ? ಚೌಕಟ್ಟಿಗೆ ಸೇರುವ ಮುನ್ನ ಮಸಿಯ ದ್ರವಾಂಶ ಪೂರ್ಣ ಆರಿದೆಯೇ? ಆರದಿದ್ದರೆ ಗಾಜಿನ ಒಳಮೈಗೆ ಮಂಜು ಕವಿಯುತ್ತದೆ. ಗಾಜು ಚಿತ್ರಕ್ಕೆ ತಗುಲದಂತೆ ನಡುವೆ ರಟ್ಟಿನ ಅಂಚುಂಟೇ? ಹಲಗೆಗೆ ಅಂಟಿಸಿದ ಚಿತ್ರವನ್ನು ಮುಂದೆ ಕೆಡದಂತೆ ಬಿಡಿಸುವುದು ಬಹು ಕಷ್ಟ; ಕಾಗದದ ಪಟ್ಟಿಗಳಿಂದ ತೂಗಿದ್ದನ್ನು ಸುಲಭವಾಗಿ ಬಿಡಿಸಬಹುದು.

ಇವು ಕೇವಲ ಕಸುಬಿನ ಪ್ರಶ್ನೆಗಳಲ್ಲ. ಕೊಳ್ಳುವವನು ಮಕ್ಕಳ ಕಾಲಕ್ಕೂ ಉಳಿಯಲೆಂಬ ನಂಬಿಕೆಯಿಂದ ಹಣ ತೆರುತ್ತಾನೆ. ಚಿತ್ರದ ಕೆಳಗಿನ ಚೀಟಿಯಲ್ಲಿ ಮೋಹಕವಾದ ಪರಭಾಷಾನಾಮಕ್ಕೆ ಬದಲಾಗಿ ‘ಹತ್ತಿಕಾಗದದ ಮೇಲೆ ವರ್ಣಕಣದ ಮಸಿ’ ಎಂದು, ಪ್ರತಿಗಳ ಸಂಖ್ಯೆಯೊಡನೆ, ಬರೆದಿರಲಿ. ನುಡಿಯು ವಸ್ತುವನ್ನು ಮುಚ್ಚದೆ ತೋರಬೇಕೆಂಬುದು ಸಾಹಿತ್ಯದ ನಿಯಮ. ಚಿತ್ರಶಾಲೆಗೂ ಅದೇ ಸಲ್ಲುತ್ತದೆ.