ಕೋಶಿಯೆನ್‌ನ ಹುಡುಗರು, ಹಿರಿಯರ ಹಟ

ಜಪಾನಿನ ಶಾಲಾ ಬೇಸ್‌ಬಾಲ್‌ ಬಗ್ಗೆ ಮಾತಾಡುವವರೆಲ್ಲ 1998ರ ಆಗಸ್ಟ್ ತಿಂಗಳಿಗೆ ಬಂದೇ ಬರುತ್ತಾರೆ. ಆ ತಿಂಗಳ 20ರಂದು, ಒಸಾಕದ ಪಕ್ಕದ ನಿಶಿನೊಮಿಯದಲ್ಲಿರುವ ಕೋಶಿಯೆನ್ ಮೈದಾನದ ಬೇಸಿಗೆ ಟೂರ್ನಿಯಲ್ಲಿ, ಯೊಕೊಹಾಮ ಹೈಸ್ಕೂಲಿನ ದೈಸುಕೆ ಮತ್ಸುಝಾಕ ಎಂಬ ಹದಿನೇಳರ ಹುಡುಗ ಒಂದೇ ಪಂದ್ಯದಲ್ಲಿ 250 ಎಸೆತ ಎಸೆದ. ಒಂಬತ್ತು ಇನಿಂಗ್ಸಿಗೆ ಮುಗಿಯಬೇಕಿದ್ದ ಆಟ ಹದಿನೇಳರವರೆಗೆ ಎಳೆದಿತ್ತು. ಮರುದಿನ ಸೆಮಿಫೈನಲ್. ಬಲತೋಳಿಗೆ ಟೇಪ್ ಸುತ್ತಿಕೊಂಡು ಲೆಫ್ಟ್ ಫೀಲ್ಡಿನಲ್ಲಿ ನಿಂತಿದ್ದ. ಎಂಟನೇ ಇನಿಂಗ್ಸಿನ ಹೊತ್ತಿಗೆ ತಂಡ ಆರು ರನ್ ಹಿಂದೆ, ತನ್ನ ಖಾತೆಯಲ್ಲಿ ಒಂದೂ ಇಲ್ಲ. ಆಗ ಅವನು ಟೇಪ್ ಕಿತ್ತುಹಾಕಿ ಬದಿಯಲ್ಲಿ ತೋಳು ಸಡಿಲಿಸತೊಡಗಿದ. ಇಡೀ ಮೈದಾನ ಹೋ ಎಂದಿತು. ಒಂಬತ್ತನೆಯದಕ್ಕೆ ಎಸೆಯಲು ಬಂದ, ತಂಡ 7-6ರಲ್ಲಿ ಗೆದ್ದಿತು. ಅದರ ಮರುದಿನ ಫೈನಲ್‌ನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಹಿಟ್ಟನ್ನೂ ಕೊಡದೆ ಗೆಲ್ಲಿಸಿದ.

ಓದಿದರೆ ಈಗಲೂ ಮೈ ನವಿರೇಳುತ್ತದೆ. ಆ ಹುಡುಗನ ಎದೆಗಾರಿಕೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನನ್ನ ತಕರಾರು ಅವನನ್ನು ಮಾದರಿಯಾಗಿ ನಿಲ್ಲಿಸಿ ಉಳಿದ ಲಕ್ಷಾಂತರ ಹುಡುಗರಿಗೆ ಕಲಿಸಿದ ಪಾಠದ ಬಗ್ಗೆ. ನೋವು ನುಂಗಿಕೊಂಡವನೇ ಗಟ್ಟಿಗ, ತಂಡಕ್ಕಾಗಿ ತೋಳನ್ನು ತೆತ್ತವನೇ ಶೀಲವಂತ ಎಂಬ ಆ ಪಾಠದಲ್ಲಿ ಮೂಲದಲ್ಲೇ ದೋಷವಿದೆ. ಬೇಡ ಎನ್ನುವ ದಾರಿ ತೆರೆದಿದ್ದಾಗ ಮಾತ್ರ ಸಹನೆ ಒಂದು ಗುಣ. ದಾರಿ ಮುಚ್ಚಿದ್ದರೆ ಅದು ವಿಧೇಯತೆ, ಹೆಚ್ಚೆಂದರೆ ಭಯ.

ಟೂರ್ನಿಯ ರಚನೆಯೇ ಆ ದಾರಿಯನ್ನು ಮುಚ್ಚುತ್ತದೆ. ಅಸಾಹಿ ಪತ್ರಿಕೆ 1915ರಲ್ಲಿ ಆರಂಭಿಸಿದ ಈ ಬೇಸಿಗೆ ಟೂರ್ನಿಗೆ 1924ರಿಂದ ಕೋಶಿಯೆನ್ ಮೈದಾನವೇ ಮನೆ. ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳು ಪ್ರಾದೇಶಿಕ ಸುತ್ತುಗಳಲ್ಲಿ ಸೆಣಸುತ್ತವೆ, 49 ತಂಡಗಳು ಕೋಶಿಯೆನ್ ತಲುಪುತ್ತವೆ. ಮೊದಲ ಸುತ್ತಿನಿಂದ ಕೊನೆಯವರೆಗೂ ನಾಕೌಟ್. ಒಂದು ಸೋಲಿಗೆ ಎಲ್ಲ ಮುಗಿಯಿತು. ಕೊನೆಯ ವರ್ಷದ ಹುಡುಗನಿಗಂತೂ ಶಾಲಾ ಬೇಸ್‌ಬಾಲ್ ಅಲ್ಲಿಗೇ ಮುಗಿಯಿತು. ಕ್ರಿಕೆಟ್‌ನಲ್ಲಿ ಓವರ್ ಮುಗಿದರೆ ಚೆಂಡು ಇನ್ನೊಬ್ಬ ಬೌಲರ್ ಕೈಗೆ ಹೋಗಲೇಬೇಕು. ಬೇಸ್‌ಬಾಲ್‌ನಲ್ಲಿ ಕೋಚ್ ಬದಲಾಯಿಸುವವರೆಗೆ ಪಿಚರ್ ಒಬ್ಬನೇ ಎಸೆಯುತ್ತ ಹೋಗುತ್ತಾನೆ. ಸಣ್ಣ ಊರಿನ ಶಾಲೆಗೆ ಅಪರೂಪಕ್ಕೊಬ್ಬ ಒಳ್ಳೆಯ ಪಿಚರ್ ಸಿಕ್ಕರೆ ಇಡೀ ಊರಿನ ಆಸೆ ಅವನ ಭುಜದ ಮೇಲೆ ಕೂರುತ್ತದೆ. ಅಂಥವನು ‘ಸರ್, ಮೊಣಕೈ ನೋಯುತ್ತಿದೆ’ ಎಂದು ಯಾವ ಬಾಯಿಂದ ಹೇಳಬೇಕು?

ಈ ಪದ್ಧತಿಗೆ ತತ್ವದ ಬಲ ಕೊಟ್ಟವರಲ್ಲಿ ಮುಖ್ಯರು ಸುಯಿಶು ತೊಬಿತ. 1910ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ತಂಡ ಜಪಾನಿಗೆ ಬಂದು ವಸೇದ ವಿಶ್ವವಿದ್ಯಾಲಯವನ್ನು ಎಲ್ಲ ಪಂದ್ಯಗಳಲ್ಲೂ ಸೋಲಿಸಿದಾಗ ಅವರೇ ವಸೇದದ ನಾಯಕ. ಮುಂದೆ ಅದೇ ತಂಡದ ಕೋಚ್ ಆಗಿ, 1925ರಲ್ಲಿ ಶಿಕಾಗೊವನ್ನು ಮಣಿಸಿದ ಮೇಲೆ ಹುದ್ದೆ ಬಿಟ್ಟರು. ಆಟ ಮೋಜಲ್ಲ, ಆತ್ಮಶಿಕ್ಷಣ ಎಂಬುದು ಅವರ ನಂಬಿಕೆ. ಹುಡುಗರು ನೆಲಕ್ಕೆ ಕುಸಿಯುವವರೆಗೆ ಅಭ್ಯಾಸ ಮಾಡಿಸುತ್ತಿದ್ದರು, ಪತ್ರಿಕೆಯಲ್ಲಿ ದಶಕಗಟ್ಟಲೆ ಬರೆದು ಆ ನಂಬಿಕೆಯನ್ನು ಊರೂರಿಗೆ ಹರಡಿದರು. ತೊಬಿತ ಪ್ರಾಮಾಣಿಕರು, ಸ್ವಂತಕ್ಕೆ ಏನನ್ನೂ ಬಯಸಿದವರಲ್ಲ. ಆದರೆ ಸೋತ ನಾಯಕ ತನಗೆ ತಾನೇ ವಿಧಿಸಿಕೊಂಡ ತಪಸ್ಸಿಗೂ ಹದಿನಾರರ ಹುಡುಗನ ಮೇಲೆ ಹೊರಿಸುವ ತಪಸ್ಸಿಗೂ ಅಜಗಜಾಂತರವಿದೆ. ಅವರ ಹಾದಿ ಹಿಡಿದ ಕೋಚ್‌ಗಳು ಈ ಅಂತರವನ್ನು ಗಮನಿಸಲೇ ಇಲ್ಲ.

ಅದರ ಬೆಲೆ ತೆತ್ತವರಲ್ಲಿ ರಿನ್ ಓನೊ ಒಬ್ಬರು. 1991ರ ಬೇಸಿಗೆಯಲ್ಲಿ ಒಕಿನಾವ ಸುಯಿಸಾನ್ ಶಾಲೆಯ ಪಿಚರ್. ಒಕಿನಾವದ ಯಾವ ಶಾಲೆಯೂ ಆವರೆಗೆ ಬೇಸಿಗೆ ಪ್ರಶಸ್ತಿ ಗೆದ್ದಿರಲಿಲ್ಲ. ಹಿಂದಿನ ವರ್ಷ ಇದೇ ಶಾಲೆ ಫೈನಲ್‌ನಲ್ಲಿ ಸೋತಿತ್ತು. ಯುದ್ಧದಲ್ಲಿ ನೊಂದ, 1972ರವರೆಗೆ ಅಮೆರಿಕದ ಆಡಳಿತದಲ್ಲಿದ್ದ ದ್ವೀಪಗಳ ಜನರಿಗೆ ಆ ಪ್ರಶಸ್ತಿ ಬರೀ ಆಟದ ವಿಷಯವಾಗಿರಲಿಲ್ಲ. ಇದನ್ನು ಮರೆತರೆ ಓನೊ ಏಕೆ ನಿಲ್ಲಿಸಲಿಲ್ಲ ಎಂಬುದು ಅರ್ಥವಾಗುವುದಿಲ್ಲ. ಮೊಣಕೈ ಮೂಳೆ ಮುರಿದಿದ್ದರೂ ಆರೂ ಪಂದ್ಯಗಳನ್ನು ಒಬ್ಬರೇ ಎಸೆದರು, ಒಟ್ಟು 773 ಎಸೆತ. ಫೈನಲ್‌ನಲ್ಲಿ ಒಸಾಕ ತೋಯಿನ್ 13-8ರಿಂದ ಗೆದ್ದಿತು. ಓನೊ ಮತ್ತೆ ಪಿಚರ್ ಆಗಲಿಲ್ಲ. ಔಟ್‌ಫೀಲ್ಡರ್ ಆಗಿ ವೃತ್ತಿಪರ ತಂಡ ಸೇರಿದರು. ಪಿಚರ್‌ಗಳ ಭುಜ, ಮೊಣಕೈಯ ವೈದ್ಯಕೀಯ ತಪಾಸಣೆ ಕೋಶಿಯೆನ್‌ಗೆ ಬಂದದ್ದು ಈ ಪ್ರಕರಣದ ನಂತರ. ತಪಾಸಣೆ ಬಂದದ್ದು ಒಳ್ಳೆಯದೇ. ಆದರೆ ಒಬ್ಬ ಹುಡುಗ ಮುರಿದ ಮೇಲಷ್ಟೇ ನಿಯಮ ಬರುವ ವ್ಯವಸ್ಥೆ ಶೀಲದ ಪಾಠ ಹೇಳುವಾಗ ಕೇಳುವುದು ಕಷ್ಟ.

ಹಾಗೆಂದು ಕೋಶಿಯೆನ್ ಸಂಸ್ಕೃತಿಯನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕುವವರ ಜೊತೆ ನಾನಿಲ್ಲ. ಪಂದ್ಯಕ್ಕೆ ಮೊದಲೂ ನಂತರವೂ ಎರಡೂ ತಂಡಗಳು ಎದುರುಬದುರು ಸಾಲಾಗಿ ನಿಂತು ತಲೆಬಾಗುತ್ತವೆ. ಗೆದ್ದವರ ಶಾಲಾಗೀತೆ ಮೊಳಗಿದ ಮೇಲೆ ಹುಡುಗರು ತಮ್ಮ ಶಾಲೆಯ ಸ್ಟ್ಯಾಂಡಿನತ್ತ ಓಡಿ, ಟೋಪಿ ತೆಗೆದು ವಂದಿಸುತ್ತಾರೆ. ಆ ಸ್ಟ್ಯಾಂಡಿನಲ್ಲಿ ಯಾರಿದ್ದಾರೆ ಎಂಬುದನ್ನು ಟಿವಿ ಕ್ಯಾಮೆರಾ ಸಾಮಾನ್ಯವಾಗಿ ಹೇಳುವುದಿಲ್ಲ. ದೊಡ್ಡ ಶಾಲೆಗಳ ಬೇಸ್‌ಬಾಲ್ ಬಳಗದಲ್ಲಿ ನೂರಕ್ಕೂ ಹೆಚ್ಚು ಹುಡುಗರಿರುತ್ತಾರೆ, ಬೆಂಚಿನಲ್ಲಿ ಜಾಗ 20 ಮಂದಿಗೆ. ಮೂರು ವರ್ಷ ಅದೇ ಬೆಳಗಿನ ಓಟ ಓಡಿ, ಅದೇ ಮೈದಾನದ ಮಣ್ಣು ಸವರಿ, ದೊಡ್ಡ ಪಂದ್ಯದಲ್ಲಿ ಒಮ್ಮೆಯೂ ಬ್ಯಾಟ್ ಹಿಡಿಯದ ಹುಡುಗರು ಆಗಸ್ಟಿನ ಬಿಸಿಲಿನಲ್ಲಿ ನಿಂತು, ತಮ್ಮ ಜಾಗ ಪಡೆದವನಿಗಾಗಿ ಗಂಟಲು ಹರಿಯುವಂತೆ ಹಾಡುತ್ತಾರೆ. ಹೊಟ್ಟೆಕಿಚ್ಚು ಇಲ್ಲದಿರಲು ಸಾಧ್ಯವೇ? ಇದ್ದೇ ಇರುತ್ತದೆ. ಅದನ್ನು ಗೆದ್ದು ಹಾಡುವುದಿದೆಯಲ್ಲ, ಅದನ್ನು ನಾನು ಮತ್ಸುಝಾಕನ 250 ಎಸೆತಕ್ಕಿಂತ ಒಂದು ತೂಕ ಹೆಚ್ಚೆಂದೇ ಎಣಿಸುತ್ತೇನೆ. ಅದಕ್ಕಾಗಿ ಯಾರ ಮೂಳೆಯೂ ಮುರಿಯಬೇಕಿಲ್ಲ.

ಇಂದಿನ ಬೇಸ್‌ಬಾಲ್ ತಾರೆ ಶೊಹೆಯಿ ಒತಾನಿ ಹನಮಾಕಿ ಹಿಗಾಶಿ ಶಾಲೆಯ ಮೊದಲ ವರ್ಷದಲ್ಲಿ ಬರೆದ ಗುರಿಪಟ್ಟಿಯೂ ಇದೇ ಪರಂಪರೆಯದು. ಕೋಚ್ ಹಿರೊಶಿ ಸಸಾಕಿ ಹುಡುಗರಿಂದ ಬರೆಸುತ್ತಿದ್ದ 81 ಚೌಕಗಳ ಹಾಳೆ ಅದು. ನಟ್ಟನಡುವಿನ ಚೌಕದಲ್ಲಿ, ಎಂಟು ವೃತ್ತಿಪರ ತಂಡಗಳ ಮೊದಲ ಆಯ್ಕೆ ತಾನಾಗಬೇಕೆಂಬ ಗುರಿ. ಸುತ್ತ ಎಂಟು ವಿಭಾಗ: ಮೈಕಟ್ಟು, ಗಂಟೆಗೆ 160 ಕಿಲೋಮೀಟರ್ ವೇಗ, ನಿಯಂತ್ರಣ, ಮನಸ್ಸು, ಮನುಷ್ಯತ್ವ, ಅದೃಷ್ಟ ಹೀಗೆ. ಅದೃಷ್ಟದ ಕೆಳಗೆ ಹುಡುಗ ಬರೆದುಕೊಂಡದ್ದು ಕಸ ಹೆಕ್ಕುವುದು, ಕೋಣೆ ಗುಡಿಸುವುದು, ಎದುರಾದವರಿಗೆ ನಮಸ್ಕರಿಸುವುದು, ಅಂಪೈರ್ ಜೊತೆ ಮರ್ಯಾದೆಯಿಂದ ನಡೆಯುವುದು, ಪುಸ್ತಕ ಓದುವುದು. ಮನಸ್ಸಿನ ಕೆಳಗೆ ಒಂದೊಂದು ಗೆಲುವು-ಸೋಲಿಗೆ ಹಿಗ್ಗದೆ ಕುಗ್ಗದೆ ಇರುವುದು. ಬೇಸ್‌ಬಾಲ್‌ನಲ್ಲಿ ಈ ಕೊನೆಯದು ಉಪದೇಶವಲ್ಲ, ದಿನನಿತ್ಯದ ಅಗತ್ಯ. ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಹೊಡೆದವನು ಈ ಆಟದಲ್ಲಿ ಜಾಣ. ಏಳು ಸಲ ಬರಿಗೈಲಿ ಬೆಂಚಿಗೆ ಮರಳಿ, ಹೆಲ್ಮೆಟ್ ಎಸೆಯದೆ, ಮುಂದಿನವನಿಗೆ ಪಿಚರ್ ಬಗ್ಗೆ ತಿಳಿದದ್ದನ್ನು ಹೇಳಿ ಕೂರಬೇಕು. ಗಟ್ಟಿತನ ಕಲಿಸಲು ಆಟದ ಒಳಗೇ ಇಷ್ಟು ಸರಕಿರುವಾಗ, ಹೊರಗಿನಿಂದ ನೋವನ್ನು ತಂದು ತುಂಬುವ ಅಗತ್ಯ ಏನಿತ್ತು ಎಂದು ಕೋಚ್‌ಗಳನ್ನು ಕೇಳಬೇಕಾಗುತ್ತದೆ.

ಆ ಪ್ರಶ್ನೆ ಜೋರಾಗಿ ಕೇಳಿಸಿದ್ದು 2019ರ ಜುಲೈ 25ರಂದು. ಇವಾತೆ ಪ್ರಾಂತ್ಯದ ಫೈನಲ್. ಒಫುನಾತೊ ಸರ್ಕಾರಿ ಶಾಲೆ 35 ವರ್ಷಗಳ ನಂತರ ಕೋಶಿಯೆನ್‌ಗೆ ಒಂದೇ ಹೆಜ್ಜೆ ದೂರದಲ್ಲಿತ್ತು. ಅವರ ಪಿಚರ್ ರೋಕಿ ಸಸಾಕಿ ಆಗಲೇ ಗಂಟೆಗೆ 163 ಕಿಲೋಮೀಟರ್ ವೇಗ ಮುಟ್ಟಿದ್ದ ಹುಡುಗ. ನಾಲ್ಕು ದಿನ ಹಿಂದೆ 12 ಇನಿಂಗ್ಸಿನಲ್ಲಿ 194 ಎಸೆತ, ಹಿಂದಿನ ದಿನ 129. ಕೋಚ್ ಯೊಹೆಯಿ ಕೊಕುಬೊ ಅವನನ್ನು ಫೈನಲ್‌ನಲ್ಲಿ ಕಣಕ್ಕಿಳಿಸಲೇ ಇಲ್ಲ. ತಂಡ 12-2ರಿಂದ ಸೋತಿತು. ಶಾಲೆಯ ಫೋನು ಬೈಗುಳದ ಕರೆಗಳಿಂದ ಬಿಡುವಿಲ್ಲದೆ ರಿಂಗಾಯಿತು. ಎಸೆ ಎಂದಿದ್ದರೆ ಹುಡುಗ ಎಸೆಯುತ್ತಿದ್ದ, ಹಾಗೆ ಹೇಳಲು ತನ್ನಿಂದಾಗಲಿಲ್ಲ ಎಂಬ ಅರ್ಥದ ಮಾತನ್ನು ಕೊಕುಬೊ ಆಡಿದರು. ಕೋಶಿಯೆನ್‌ನ ನೂರು ವರ್ಷದ ಚರಿತ್ರೆಯಲ್ಲಿ ಮನೋಬಲದ ದೊಡ್ಡ ಉದಾಹರಣೆ ಹುಡುಕಿದರೆ ನಾನು ಈ ಮೂವತ್ತರ ಆಸುಪಾಸಿನ ಮೇಷ್ಟರನ್ನು ತೋರಿಸುತ್ತೇನೆ.

2022ರ ಏಪ್ರಿಲ್ 10ರಂದು ವೃತ್ತಿಪರ ತಂಡ ಚಿಬಾ ಲೊಟ್ಟೆ ಪರ ರೋಕಿ ಸಸಾಕಿ 19 ಮಂದಿಯನ್ನು ಸ್ಟ್ರೈಕೌಟ್ ಮಾಡಿ, ಒಬ್ಬನನ್ನೂ ಬೇಸ್ ತಲುಪಲು ಬಿಡದ ಪರ್ಫೆಕ್ಟ್ ಗೇಮ್ ಎಸೆದಾಗ ಕೊಕುಬೊ ಸರಿ ಎಂದು ಹಲವರು ಒಪ್ಪಿದರು. ಆ ಒಪ್ಪಿಗೆ ನನಗೆ ಸಾಲದು. ಸಸಾಕಿ ಮುಂದೆ ಒಂದು ಚೆಂಡನ್ನೂ ಎಸೆಯದೆ ಮೀನು ಮಾರುಕಟ್ಟೆಯಲ್ಲಿ ಕೆಲಸಕ್ಕೆ ಸೇರಿದ್ದರೂ ಆ ನಿರ್ಧಾರ ಅಷ್ಟೇ ಸರಿ. ಅದರ ಒಂದು ಕೊರತೆಯನ್ನೂ ಹೇಳಬೇಕು. ಎಸೆಯುವ ಆಸೆ ತನಗಿತ್ತು ಎಂದು ಹುಡುಗ ಆಮೇಲೆ ಹೇಳಿದ. ಹಟಮಾರಿ ಕೋಚ್ ಹುಡುಗನನ್ನು ಕೇಳದೆ ಎಸೆಯಿಸುತ್ತಿದ್ದ, ಕರುಣೆಯ ಕೋಚ್ ಕೇಳದೆ ಕೂರಿಸಿದ. ಫಲದಲ್ಲಿ ಭೂಮಿ-ಆಕಾಶದ ವ್ಯತ್ಯಾಸ, ನಿಜ. ಆದರೆ ಎರಡೂ ಕಡೆ ಹುಡುಗನ ಮಾತಿಗೆ ಜಾಗವಿರಲಿಲ್ಲ. ತನ್ನ ತೋಳಿನ ಬಗ್ಗೆ ನಿಜ ಹೇಳುವುದನ್ನೂ ‘ಇನ್ನೊಬ್ಬನಿಗೆ ಕೊಡಿ’ ಎನ್ನುವುದನ್ನೂ ಹದಿನೈದರಿಂದಲೇ ರೂಢಿ ಮಾಡಿಸದೆ ಇದಕ್ಕೆ ಬೇರೆ ಪರಿಹಾರವಿಲ್ಲ.

ನಿಯಮ ಸ್ವಲ್ಪ ಬದಲಾಗಿದೆ. 2020ರಿಂದ ಒಬ್ಬ ಪಿಚರ್ ವಾರಕ್ಕೆ 500 ಎಸೆತ ಮೀರುವಂತಿಲ್ಲ. 2018ರಲ್ಲಿ ಅಕಿತದ ಕೃಷಿ ಶಾಲೆ ಕನಾಶಿಯನ್ನು ಫೈನಲ್‌ವರೆಗೆ ಒಯ್ದ ಕೊಸೆಯಿ ಯೊಶಿದ ಎಸೆದದ್ದು 881. ಹೊಸ ನಿಯಮ ಅವನನ್ನು ನಡುವೆ ತಡೆಯುತ್ತಿತ್ತು. ಆದರೆ ಒಂದೇ ದಿನ 250 ಎಸೆದು ಮರುದಿನ ಮತ್ತೆ ಬರುವುದನ್ನು ಅದು ತಡೆಯುವುದಿಲ್ಲ. ಅಮೆರಿಕದ ಪಿಚ್ ಸ್ಮಾರ್ಟ್ ಮಾರ್ಗಸೂಚಿ 17-18ರ ವಯಸ್ಸಿಗೆ ದಿನಕ್ಕೆ 105 ಎಸೆತದ ಮಿತಿ ಹೇಳುತ್ತದೆ, 80 ದಾಟಿದರೆ ನಾಲ್ಕು ದಿನ ವಿಶ್ರಾಂತಿ ಹೇಳುತ್ತದೆ. ವಾರದ ಲೆಕ್ಕದಲ್ಲಿ ಕೋಚ್‌ಗೆ ಅನುಕೂಲವಿದೆ, ಮೊಣಕೈಗಲ್ಲ. ದಿನದ ಮಿತಿ ಹಾಕಿದರೆ ಒಬ್ಬನೇ ಪಿಚರ್ ಇರುವ ಸಣ್ಣ ಶಾಲೆಗಳಿಗೆ ಅನ್ಯಾಯ ಎಂಬ ವಾದವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೂ ಶಾಲೆಗೆ ಆಗುವ ಅನ್ಯಾಯವನ್ನು ಹುಡುಗನ ತೋಳಿನಿಂದ ಸರಿದೂಗಿಸುವುದು ಯಾವ ನ್ಯಾಯ?

ಗೆಲ್ಲಲು ಬೇರೆ ದಾರಿ ಇದೆ ಎಂಬುದು ಈಗ ಕಣ್ಣೆದುರೇ ಇದೆ. 2022ರಲ್ಲಿ ಐವರು ಪಿಚರ್‌ಗಳನ್ನು ಬಳಸಿ ಸೆಂದಾಯ್ ಇಕುಯೆಯಿ ಗೆದ್ದಿತು. ಮರುವರ್ಷ ಅದನ್ನೇ 8-2ರಿಂದ ಸೋಲಿಸಿ ಕೆಯೊ ಶಾಲೆ 107 ವರ್ಷಗಳ ನಂತರ ಪ್ರಶಸ್ತಿ ಎತ್ತಿತು. ಶಾಲಾ ತಂಡಗಳ ವಾಡಿಕೆಯಂತೆ ತಲೆ ಬೋಳಿಸಲೇಬೇಕೆಂಬ ಕಡ್ಡಾಯವಿಲ್ಲದ ತಂಡ. ಅದರ ಕೋಚ್ ತಕಾಹಿಕೊ ಮೊರಿಬಯಾಶಿ ಪ್ರಾಥಮಿಕ ಶಾಲೆಯ ಮೇಷ್ಟರೂ ಹೌದು, ಹುಡುಗರೇ ಯೋಚಿಸಿ ನಿರ್ಧರಿಸಬೇಕೆನ್ನುವವರು.

ಆದರೆ ಕೂದಲು ಬೆಳೆದ ಮಾತ್ರಕ್ಕೆ ಕಾಲ ಬದಲಾಯಿತು ಎಂದು ಸಂಭ್ರಮಿಸಲು ನಾನು ತಯಾರಿಲ್ಲ. 2025ರ ಆಗಸ್ಟಿನಲ್ಲಿ ಹಿರೊಶಿಮಾದ ಕೊರ್ಯೊ ಶಾಲೆ ಮೊದಲ ಪಂದ್ಯ ಗೆದ್ದ ಮೇಲೂ ಟೂರ್ನಿಯಿಂದ ಹಿಂದೆ ಸರಿಯಿತು. ಅದಕ್ಕೆ ಕಾರಣವಾದ, ಹಾಸ್ಟೆಲಿನಲ್ಲಿ ಹಿರಿಯ ಆಟಗಾರರು ಕಿರಿಯನೊಬ್ಬನಿಗೆ ಹೊಡೆದ ಪ್ರಕರಣ ಜನವರಿಯದು. ಶಾಲಾ ಬೇಸ್‌ಬಾಲ್ ಒಕ್ಕೂಟ ಮಾರ್ಚ್‌ನಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತ್ತು, ತಂಡ ಎಂದಿನಂತೆ ಕೋಶಿಯೆನ್‌ಗೆ ಬಂದಿತ್ತು. ಜಾಲತಾಣಗಳಲ್ಲಿ ಜನ ದನಿ ಎತ್ತಿದ ಮೇಲೆ ಶಾಲೆ ಹಿಂದೆ ಸರಿದದ್ದು. ಅಷ್ಟರೊಳಗೆ ಶಾಲೆ ಬಿಟ್ಟು ಹೋಗಿದ್ದವನು ಪೆಟ್ಟು ತಿಂದ ಹುಡುಗ. ಒಕ್ಕೂಟ ಮೊದಲು ಮಾಡಬೇಕಾದದ್ದು ಇಲ್ಲೇ ಇದೆ: ಇಂಥ ದೂರು ಕೇಳುವವರೂ ಪಿಚರ್‌ಗಳ ತೋಳು ಪರೀಕ್ಷಿಸುವ ವೈದ್ಯರೂ ಕೋಚ್‌ಗೆ ಉತ್ತರಿಸಬೇಕಾದವರಾಗಿರಬಾರದು, ಮತ್ತು ಅವರು ಬೇಡವೆಂದ ದಿನ ಹುಡುಗ ಆಡಬಾರದು, ಅದು ಫೈನಲ್ ಆಗಿದ್ದರೂ.